ಕಾಕಾ, ಪಾನಾ ಪೆಟ್ಟಿಗೆ ಮತ್ತು ಅಪ್ಪನ ಫಿಯಾಟ್: ಬೀದರ್, ಯಾದಗಿರಿ ಒಂದು ಸುತ್ತು

ಪ್ರೀಮಿಯರ್ ಪದ್ಮಿನಿಯ ಮುಂದಿನ ಬಾಗಿಲಲ್ಲಿ, ದೊಡ್ಡ ಗಾಜಿನ ಪಕ್ಕಕ್ಕೆ, ಒಂದು ಸಣ್ಣ ತ್ರಿಕೋನ ಗಾಜು ಇರುತ್ತದೆ. ಅದನ್ನು ಸ್ವಲ್ಪ ಹೊರಗೆ ತಿರುಗಿಸಿದರೆ ಗಾಳಿ ನೇರ ಮುಖಕ್ಕೆ ಹೊಡೆಯುತ್ತದೆ. ಎಸಿ ಇಲ್ಲದ ಕಾರಿಗೆ ಅದೇ ಎಸಿ. ನಮ್ಮ ಕಾರಿನಲ್ಲಿ ಬಲಗಡೆಯದು ಚೆನ್ನಾಗಿದೆ. ಎಡಗಡೆಯದು ಚೌಕಟ್ಟಿನ ಸಮೇತ ಹೋಗಿ ಎಷ್ಟೋ ಕಾಲವಾಯಿತು, ಆ ಜಾಗದಲ್ಲಿ ಯಾರೋ ಒಂದು ತಗಡು ಕೂಡಿಸಿದ್ದಾರೆ. ಕಲಬುರಗಿಯ ಬೇಸಿಗೆ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಎಡಗಡೆ ಕೂತವರು ಬೆಂದು ಹೋಗುತ್ತಾರೆ. ಅಲ್ಲಿ ಕೂರುವವರು ಯಾವಾಗಲೂ ನಮ್ಮ ಕಾಕಾ.

ಕಾಕಾ ಅಂದರೆ ಅಪ್ಪನ ತಮ್ಮ. ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ಗಾಡಿಗಳ ರಿಪೇರಿ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಫೆಬ್ರುವರಿ ಕೊನೆಯಲ್ಲಿ ಬಿಸಿಲು ಏರುತ್ತಿದ್ದಂತೆ ಅವರೇ ಮಾತು ತೆಗೆದರು. "ತಮ್ಮಾ, ಬೀದರ್‌ದಾಗ ಗ್ಯಾರೇಜ್ ಉಸ್ತಾದ್ ಹತ್ರ ಆ ಗಾಜು ಇರಬಹುದು. ಅಲ್ಲಿ ಸಿಗಲಿಲ್ಲಂದ್ರ ಶಹಾಪುರ ಕಡಿ ಒಂದು ಫಿಯಾಟ್ ಕೊಟ್ಟಿಗ್ಯಾಗ ನಿಂತದ ಅಂತ. ಹೋಗಿ ನೋಡ್ಕೊಂಡು ಬರಮು ನಡಿ."

ಆನ್‌ಲೈನ್‌ನಲ್ಲಿ ಹುಡುಕಬಹುದಿತ್ತು, ಕೊರಿಯರ್‌ನಲ್ಲಿ ತರಿಸಬಹುದಿತ್ತು. ಅದನ್ನು ಅವರಿಗೆ ಹೇಳುವ ಆಸೆ ನನಗೂ ಇರಲಿಲ್ಲ ಬಿಡಿ.

ಕಾರಿನ ಬಗ್ಗೆ ಒಂದೆರಡು ಮಾತು. ಅಪ್ಪ ಇದನ್ನು 1988ರಲ್ಲಿ ಸೊಲ್ಲಾಪುರದ ಒಬ್ಬ ಡಾಕ್ಟರರಿಂದ ಸೆಕೆಂಡ್ ಹ್ಯಾಂಡ್ ತಂದರು. 1982ರ ಮಾಡೆಲ್. 1089 ಸಿಸಿ ಪೆಟ್ರೋಲ್ ಇಂಜಿನ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರ್, ಮುಂದೆ ಮೂವರು ಕೂರಬಹುದಾದ ಉದ್ದ ಸೀಟು. ಕುರ್ಲಾದಲ್ಲಿ ಇದನ್ನು ಮಾಡುತ್ತಿದ್ದ ಪ್ರೀಮಿಯರ್ ಕಂಪನಿ ಕಟ್ಟಿದ ವಾಲಚಂದ್ ಹೀರಾಚಂದ್ ಹುಟ್ಟಿದ್ದು ಸೊಲ್ಲಾಪುರದಲ್ಲೇ, ಹಾಗಾಗಿ ಇದು ನಮ್ಮ ಕಡೆಯದೇ ಕಾರು ಅಂತ ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. 1964ರಲ್ಲಿ ಫಿಯಾಟ್ 1100 ಡಿಲೈಟ್ ಅಂತ ಬಂದ ಗಾಡಿ ಇದು, 1974ರಲ್ಲಿ ಪದ್ಮಿನಿ ಆಯಿತು. ಹೆಸರು ಬದಲಾದರೂ ನಮ್ಮ ಕಡೆ ಎಲ್ಲರಿಗೂ ಇದು ಫಿಯಾಟೇ. ಮುಂಬೈಯಲ್ಲಿ ಟ್ಯಾಕ್ಸಿಯಾಗಿ ಓಡುತ್ತಿದ್ದ ಕೊನೆಯ ಪದ್ಮಿನಿಗಳೂ 2023ರ ಅಕ್ಟೋಬರ್‌ಗೆ ರಸ್ತೆಯಿಂದ ಇಳಿದವು. ಆ ಸುದ್ದಿ ಓದಿದ ದಿನ ಕಾಕಾ ನಮ್ಮ ಮನೆಗೆ ಬಂದು ಸುಮ್ನೆ ಕಾರಿನ ಆಯಿಲ್ ಚೆಕ್ ಮಾಡಿ ಹೋಗಿದ್ದರು.

ಶುಕ್ರವಾರ: ಕಲಬುರಗಿಯಿಂದ ಬೀದರ್

ಬೆಳಿಗ್ಗೆ ಆರಕ್ಕೆ ಹೊರಡಬೇಕು ಅಂತ ಮಾತಾಗಿತ್ತು. ಹಳೆ ಕಾರು ಇದ್ದವರು ಬೇಸಿಗೆಯಲ್ಲಿ ಹನ್ನೊಂದರ ಒಳಗೆ ಊರು ಮುಟ್ಟಬೇಕು, ಅದು ನಿಯಮ. ಆದರೆ ಕಾಕಾ ಪೂಜೆ ಮುಗಿಸಿ, ಪಾನಾ ಪೆಟ್ಟಿಗೆಯನ್ನು ಇನ್ನೊಮ್ಮೆ ಬಿಚ್ಚಿ ನೋಡಿ, ಕಾಕು ಕಟ್ಟಿಕೊಟ್ಟ ಡಬ್ಬಿ ಹಿಡಿದು ಬರುವಷ್ಟರಲ್ಲಿ ಎಂಟೂವರೆ. ಪೆಟ್ಟಿಗೆಯಲ್ಲಿ ಫ್ಯಾನ್ ಬೆಲ್ಟ್, ರೇಡಿಯೇಟರ್ ಹೋಸ್ ಪೈಪು, ಪಾಯಿಂಟ್ ಸೆಟ್, ಪ್ಲಗ್, ಒಂದಿಷ್ಟು ವಾಯರ್, ಹಳೆ ಸೈಕಲ್ ಟ್ಯೂಬಿನ ಪಟ್ಟಿ. ಹಿಂದಿನ ಸೀಟಿನ ಕೆಳಗೆ ಎರಡು ಕ್ಯಾನ್ ನೀರು. ಜೊತೆಗೆ ಒಂದು ರಟ್ಟಿನ ತುಂಡು. ನಮ್ಮ ಬಲಗಡೆ ಗಾಜಿನ ಅಳತೆಗೆ ಕಾಕಾ ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದರು. ತಿರುವಿ ಹಿಡಿದರೆ ಅದೇ ಎಡಗಡೆಯ ಅಳತೆ. ಹಳೆ ಗಾಡಿಯ ಸಾಮಾನು ಹುಡುಕಲು ಹೋಗುವಾಗ ಫೋಟೋ ನಂಬಬೇಡಿ, ರಟ್ಟು ಕತ್ತರಿಸಿಕೊಂಡು ಹೋಗಿ.

ಹುಮನಾಬಾದ್ ರಸ್ತೆ ಈಗ ಚೆನ್ನಾಗಿದೆ. ಮಹಾಗಾಂವ್ ದಾಟುವವರೆಗೂ ಗಾಳಿ ತಂಪಾಗಿತ್ತು. ಎರಡೂ ಕಡೆ ಬಿಳಿಜೋಳದ ಕೊಯ್ಲು ನಡೆದಿತ್ತು. ತೊಗರಿ ರಾಶಿ ಮುಗಿದು ಹೊಲದಲ್ಲಿ ಬರೀ ಕೂಳೆ ಉಳಿದಿತ್ತು. ನಮ್ಮ ಗಾಡಿಗೆ ಐವತ್ತು, ಐವತ್ತೈದರ ವೇಗ ಹಿತ. ಅದಕ್ಕಿಂತ ಜಾಸ್ತಿ ಮಾಡಿದರೆ ಸ್ಟಿಯರಿಂಗ್ ನಡುಗುತ್ತದೆ, ಕಾಕಾ ಕೆಮ್ಮುತ್ತಾರೆ.

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ತಗೊಂಡೆವು. ಇಲ್ಲಿಯ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಬೆಲೆ ಬೇರೆ ಬಾಳೆಗಿಂತ ಜಾಸ್ತಿ, ಚೌಕಾಸಿ ಮಾಡಿದರೆ ಮಾರುವವರಿಗೆ ಸಿಟ್ಟು ಬರುತ್ತದೆ. ದಪ್ಪ ಸಿಪ್ಪೆ, ಒಳಗೆ ಬೆಣ್ಣೆ ಬಣ್ಣದ ತಿರುಳು. ಒಂದು ತಿಂದರೆ ಹೊಟ್ಟೆ ತುಂಬುತ್ತದೆ. ಕಾಕಾ ಎರಡು ತಿಂದರು.

ಕಿಣ್ಣಿ ಸಡಕ್ ದಾಟಿದ ಮೇಲೆ ಒಂದು ಏರಿನಲ್ಲಿ ಗಾಡಿ ಎಳೆಯುವುದನ್ನೇ ಬಿಟ್ಟಿತು. ಒಂದು ಸಲ ಜಗ್ಗಿತು, ಇನ್ನೊಂದು ಸಲ ಜಗ್ಗಿತು, ನಿಂತೇಹೋಯಿತು. ಬಾನೆಟ್ ಎತ್ತುವ ಮೊದಲೇ ಇಬ್ಬರಿಗೂ ಗೊತ್ತಾಗಿತ್ತು. ವೇಪರ್ ಲಾಕ್. ಈ ಗಾಡಿಯ ಪೆಟ್ರೋಲ್ ಪಂಪು ಇಂಜಿನ್ನಿಗೇ ಅಂಟಿಕೊಂಡು ಇಂಜಿನ್ನಿನ ಬಲದಿಂದಲೇ ನಡೆಯುತ್ತದೆ. ಬಿಸಿಲು ಜಾಸ್ತಿಯಾಗಿ, ಇಂಜಿನ್ನೂ ಕಾದರೆ ಪೈಪಿನಲ್ಲಿರುವ ಪೆಟ್ರೋಲ್ ಆವಿಯಾಗುತ್ತದೆ. ಆವಿಯನ್ನು ಪಂಪು ಎಳೆಯಲಾರದು. ಈಗ ಪೆಟ್ರೋಲ್ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್. ಅದಕ್ಕೆ ಪಂಪಿನೊಳಗಿನ ಹಳೆ ರಬ್ಬರಿನ ಪೊರೆ (ಡಯಾಫ್ರಾಮು), ಪೈಪು ಆಗಿಬರುವುದಿಲ್ಲ, ಉಬ್ಬುತ್ತವೆ, ಬಿರುಕು ಬಿಡುತ್ತವೆ. ನಾವು ಹೋದ ವರ್ಷವೇ ಪೈಪೆಲ್ಲ ಎಥೆನಾಲ್ ತಡೆಯುವಂಥದ್ದು ಹಾಕಿಸಿದ್ದೆವು. ಆದರೂ ಬಿಸಿಲಿನ ಮುಂದೆ ಏನು ಮಾಡೋದು.

ಇದಕ್ಕೆ ಮದ್ದು ಒದ್ದೆ ಬಟ್ಟೆ. ಕಾಕಾ ಹೆಗಲ ಮೇಲಿನ ಟವೆಲ್ ನೀರಲ್ಲಿ ಅದ್ದಿ ಪಂಪಿನ ಮೇಲೆ ಹೊದಿಸಿದರು. ನಂತರ ಬೇವಿನ ಗಿಡದ ನೆರಳಿಗೆ ಹೋಗಿ ಕೂತರು. ಪಕ್ಕದ ಹೊಲದಲ್ಲಿ ಜೋಳ ಕೀಳುತ್ತಿದ್ದವರಲ್ಲಿ ಒಬ್ಬರು ಬಂದರು. ಸುಮಾರು ಅರವತ್ತರ ವಯಸ್ಸು.

"ಏನಾತ್ರಿ ಗಾಡಿಗಿ?"

"ಏನಿಲ್ರಿ, ಬಿಸಿಲಿಗಿ ದಮ್ಮು ಹತ್ಯಾದ," ಕಾಕಾ ಹೇಳಿದರು.

"ನಮ್ಮ ಎತ್ತೂ ಹಂಗೇ ಮಾಡ್ತಾವ್ರಿ ಈ ಹೊತ್ತಿನ್ಯಾಗ. ಬರ್ರಿ, ಅಂಬಲಿ ಅದ, ಕುಡಿಯಾಕ ಬರ್ರಿ."

ಮಣ್ಣಿನ ಮಗಿಯಲ್ಲಿದ್ದ ಜೋಳದ ಅಂಬಲಿ, ಮಜ್ಜಿಗೆ, ಮೇಲೆ ಹಸಿ ಉಳ್ಳಾಗಡ್ಡಿ. ಈಗಿನ ಹೊಸ ಟ್ರ್ಯಾಕ್ಟರ್ ಕೆಟ್ಟರೆ ಶೋರೂಮಿನವರೇ ಬರಬೇಕಾಗುತ್ತದೆ, ಹಳೆಯದನ್ನು ಇವರೇ ಬಿಚ್ಚುತ್ತಿದ್ದರಂತೆ. ಕಾಕಾಗೆ ಮಾತಾಡಲು ಇಷ್ಟು ಸಾಕಿತ್ತು. ಟವೆಲ್ ಒಣಗಿ, ಗಾಡಿ ಚಾಲೂ ಆಗುವ ಸ್ಥಿತಿಗೆ ಬಂದು ಎಷ್ಟೋ ಹೊತ್ತಾದ ಮೇಲೂ ಇಬ್ಬರೂ ಗೇರ್ ಬಾಕ್ಸಿನ ಸುದ್ದಿ ಮಾತಾಡುತ್ತಲೇ ಇದ್ದರು.

ಹುಮನಾಬಾದ್‌ನ ಒಂದು ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ ಉಂಡೆವು. ಬಿಸಿಲು ಇಳಿಯುವವರೆಗೂ ಅಲ್ಲೇ ಹೊರಗಿನ ಮಂಚದ ಮೇಲೆ ಮಲಗಿದೆವು. ನಾಲ್ಕರ ಮೇಲೆ ಹೊರಟು ಹಳ್ಳಿಖೇಡ ದಾಟಿದಂತೆ ಮಣ್ಣಿನ ಬಣ್ಣ ಬದಲಾಯಿತು. ನಮ್ಮ ಕಪ್ಪು ಎರೆ ಹೋಗಿ ಬೀದರಿನ ಕೆಂಪು ಮಣ್ಣು ಬಂತು. ಬೀದರ್ ಎತ್ತರದಲ್ಲಿದೆ, ಸಂಜೆಯ ಗಾಳಿ ನಮ್ಮೂರಿಗಿಂತ ಸ್ಪಷ್ಟವಾಗಿ ತಂಪು. ಲಾಡ್ಜ್‌ನವರು ಕಾರು ನೋಡಿ ಒಳಗೆ, ಗೇಟಿನ ಹತ್ತಿರ ಜಾಗ ಕೊಟ್ಟರು. ಹೊಸ ಕಾರುಗಳೆಲ್ಲ ಹೊರಗೆ ರಸ್ತೆಯಲ್ಲಿ. ಕಾಕಾ ಅದನ್ನು ಎರಡು ಸಲ ಹೇಳಿದರು.

ಶನಿವಾರ: ಬೀದರ್

ಬೆಳಿಗ್ಗೆ ಕೋಟೆಗೆ ಹೋದೆವು. ಬಹಮನಿ ಅರಸರು ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದಿದ್ದು 15ನೇ ಶತಮಾನದಲ್ಲಿ. ಕೆಂಪು ಕಲ್ಲನ್ನೇ ಕಡಿದು ಮಾಡಿದ ಮೂರು ಸಾಲಿನ ಕಂದಕ ನೋಡಿ ನಿಂತರೆ, ಅಷ್ಟು ಕಲ್ಲು ಎತ್ತಿದವರ ಬೆನ್ನು ಏನಾಗಿರಬೇಕು ಅನಿಸುತ್ತದೆ. ಕೋಟೆ ದೊಡ್ಡದು, ಎಂಟಕ್ಕೆಲ್ಲ ಮುಗಿಸುವ ಹಾಗೆ ಹೋದರೆ ಒಳ್ಳೆಯದು. ಆಮೇಲೆ ನೆರಳು ಸಿಗುವುದಿಲ್ಲ.

ಕೋಟೆಯಿಂದ ಮಹಮೂದ್ ಗವಾನ್ ಮದರಸಾದ ಕಡೆ ಬರುವಾಗ ಕಾರು ಕೆಮ್ಮಲು ಶುರುಮಾಡಿತು. ಇದು ನಿನ್ನೆಯ ರೋಗ ಅಲ್ಲ. ಚೌಬಾರಾದ ಹತ್ತಿರ ಸೈಲೆನ್ಸರ್‌ನಿಂದ 'ಢಂ' ಅಂತ ಒಂದು ಸದ್ದು. ಗೋಪುರದ ಮೇಲಿದ್ದ ಪಾರಿವಾಳಗಳೆಲ್ಲ ಎದ್ದವು. ಚಹಾ ಅಂಗಡಿಯಲ್ಲಿ ಕೂತವರೆಲ್ಲ ತಿರುಗಿ ನೋಡಿ ನಕ್ಕರು. ಒಬ್ಬ ಹುಡುಗ ಮೊಬೈಲ್ ತೆಗೆದು, "ಅಂಕಲ್, ಇನ್ನೊಮ್ಮೆ ಹೊಡೀರಿ" ಅಂದ. ನಿಲ್ಲಿಸಿ ಅಲ್ಲೇ ಚಹಾ ಕುಡಿದೆವು. ತಣ್ಣಗಾದ ಮೇಲೆ ಗಾಡಿ ಏನೂ ಆಗಿಲ್ಲದ ಹಾಗೆ ಚಾಲೂ ಆಯಿತು. ಐದು ನಿಮಿಷಕ್ಕೆ ಮತ್ತೆ ಅದೇ ರಾಗ.

ಉಸ್ತಾದರ ಗ್ಯಾರೇಜ್ ಹಳೆ ಊರಿನ ಗಲ್ಲಿಯಲ್ಲಿದೆ. ಈಗ ಕೆಲಸ ಮಾಡುವವರು ಮಗ ಮತ್ತು ಮೊಮ್ಮಗ. ಮೊಮ್ಮಗ ಒಂದು ಹೊಸ ಕಾರಿಗೆ ಸ್ಕ್ಯಾನರ್ ಹಚ್ಚಿ ಕೂತಿದ್ದ. ಉಸ್ತಾದರು ಬಾಗಿಲ ಹತ್ತಿರ ಕುರ್ಚಿಯಲ್ಲಿ. ಕಣ್ಣು ಅಷ್ಟಾಗಿ ಕಾಣುವುದಿಲ್ಲವಂತೆ. ನಮ್ಮ ಗಾಡಿ ಗಲ್ಲಿಯ ತಿರುವಿನಲ್ಲಿ ಬರುವಾಗಲೇ ಎದ್ದು ನಿಂತಿದ್ದರು.

"ಫಿಯಾಟ್ ಬಂತು, ಪಾಯಿಂಟ್ ಸುಡಲಿಕ್ಕತ್ಯಾದ," ಅಂದರು ಮಗನಿಗೆ. ನಮಸ್ಕಾರ, ಸಲಾಂ ಎಲ್ಲ ಆಮೇಲೆ.

ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಅವರು ಹೇಳಿದ್ದು ಸರಿ. ಒಳಗೆ ಕರೆಂಟನ್ನು ಕಡಿದು ಕೂಡಿಸುವ ಪಾಯಿಂಟಿನ ಮುಖ ನೀಲಿಗಟ್ಟಿ ಗುಳಿ ಬಿದ್ದಿತ್ತು. ಕಾರಣ ಕಂಡೆನ್ಸರ್. ಪಾಯಿಂಟು ತೆರೆಯುವಾಗ ಅಲ್ಲಿ ಕಿಡಿ ಹಾರದಂತೆ ಹಿಡಿದುಕೊಳ್ಳುವ ಸಣ್ಣ ಡಬ್ಬಿ ಅದು. ಅದು ಕೆಟ್ಟರೆ ಕಿಡಿ ಪ್ಲಗ್ಗಿಗೆ ಹೋಗುವ ಬದಲು ಪಾಯಿಂಟಿನಲ್ಲೇ ಸುಡುತ್ತದೆ. ತಣ್ಣಗಿದ್ದಾಗ ಸುಮ್ಮನಿದ್ದು, ಕಾದ ಮೇಲೆ ಕೈಕೊಡುವುದು ಅದರ ಹಳೆ ಚಾಳಿ. ಪಾನಾ ಪೆಟ್ಟಿಗೆಯಲ್ಲಿ ಎಲ್ಲ ಇತ್ತು, ಇದೊಂದು ಇರಲಿಲ್ಲ. ಪಾಯಿಂಟ್ ಸೆಟ್ ಜೊತೆಗೆ ಕಂಡೆನ್ಸರನ್ನೂ ಒಯ್ಯಿರಿ ಅಂತ ಹಳೆ ಗಾಡಿಯವರಿಗೆಲ್ಲ ಹೇಳುತ್ತೇನೆ. ಒಂದು ಮುಷ್ಟಿಯಲ್ಲಿ ಎರಡು ಹಿಡಿಸುತ್ತವೆ.

ಫಿಯಾಟಿನ ಕಂಡೆನ್ಸರ್ ಉಸ್ತಾದರ ಹತ್ತಿರವೂ ಇರಲಿಲ್ಲ. ಅವರು ಮಗನಿಗೆ ಅಟ್ಟದ ಮೇಲಿನ ಒಂದು ಬಿಸ್ಕತ್ ಡಬ್ಬಿ ತರಲು ಹೇಳಿದರು. ಒಳಗೆ ಹಳೆ ಆಟೋರಿಕ್ಷಾಗಳ ಸಾಮಾನು. ಕೈಯಿಂದಲೇ ತಡವಿ ಒಂದನ್ನು ತೆಗೆದರು. "ಆಟೋದ್ದು. ಕಂಪನಿ ಬ್ಯಾರೆ, ಕೆಲಸ ಅದೇ." ಡಿಸ್ಟ್ರಿಬ್ಯೂಟರಿನ ಹೊರಗೆ ಒಂದು ಕ್ಲಿಪ್ ಹಾಕಿ ಅದನ್ನು ಬಿಗಿದು, ವಾಯರ್ ಒಳಗೆ ಕೊಟ್ಟರು. ಹೊಸ ಪಾಯಿಂಟ್ ನಮ್ಮ ಹತ್ತಿರ ಇತ್ತು. ಅದರ ಸಂದು ನೋಡಲು ಮೊಮ್ಮಗ ಫೀಲರ್ ಗೇಜ್ ತಂದರೆ ಬೇಡ ಅಂದು, ಜೇಬಿನಿಂದ ಒಂದು ಹಳೆ ಮದುವೆ ಕಾರ್ಡಿನ ತುಂಡು ತೆಗೆದು ಎಳೆದು ನೋಡಿದರು. ಮೊಮ್ಮಗ ಆಮೇಲೆ ಕದ್ದು ಗೇಜ್ ಹಾಕಿ ನೋಡಿದ. ನನ್ನ ಕಡೆ ನೋಡಿ ತಲೆ ಆಡಿಸಿದ. ಸರಿ ಇತ್ತು.

ಅಪ್ಪನೂ ಹೀಗೇ. ಐತವಾರ ಬೆಳಿಗ್ಗೆ ರೇಡಿಯೋ ಹಚ್ಚಿ, ಬನಿಯನ್ ಮೇಲೆ, ದಾಡಿ ಬ್ಲೇಡಿನಿಂದ ಪಾಯಿಂಟ್ ಕೆರೆಯುತ್ತ ಕೂರುತ್ತಿದ್ದರು. ನನ್ನ ಕೆಲಸ ಬಿಚ್ಚಿದ ಸ್ಕ್ರೂಗಳನ್ನು ಅಮ್ಮನ ಸ್ಟೀಲ್ ತಟ್ಟೆಯಲ್ಲಿ ಹಿಡಿದು ನಿಲ್ಲುವುದು. ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಬೇಕು. ತಟ್ಟೆ ಅಲುಗಾಡಿದರೆ ಬೈಗುಳ. ಆ ತಟ್ಟೆಯಿಂದ ಪೆಟ್ರೋಲ್ ವಾಸನೆ ಹೋಗುವುದಿಲ್ಲ ಅಂತ ಅಮ್ಮ ಅದರಲ್ಲಿ ಊಟಕ್ಕೆ ಬಡಿಸುವುದನ್ನೇ ಬಿಟ್ಟಿದ್ದರು.

ಗಾಜಿನ ವಿಷಯ ತೆಗೆದಾಗ ಉಸ್ತಾದರು ಎದ್ದು ಬಂದು ಎಡಗಡೆ ಬಾಗಿಲ ಮೇಲೆ ಕೈ ಆಡಿಸಿದರು. ತಗಡಿನ ಅಂಚು ಸಿಕ್ಕಿದ್ದೇ ನಗಲು ಶುರುಮಾಡಿದರು.

"ಅರೇ ಮಿಯಾಂ, ಇದು ನಾನೇ ಹಚ್ಚಿದ್ದು! ಡಾಲ್ಡಾ ಡಬ್ಬಿ ಕತ್ತರಿಸಿ. ನಿಮ್ಮ ಅಣ್ಣಾವ್ರು ಮದಿವಿಗಿ ಬಂದಾಗ ಲಾರಿ ಟೈರಿಂದ ಕಲ್ಲು ಹಾರಿ ಒಡದಿತ್ತು. ಒಂದು ವಾರ ನಡೀತದ, ಗಾಜು ತರಿಸಿ ಕೊಡ್ತೀನಿ ಅಂದಿದ್ದೆ."

"ಎಂದು ಕೊಡ್ತೀರಿ ಉಸ್ತಾದ್?" ಕಾಕಾ ಕೇಳಿದರು.

"ಬರ್ತದ, ಬರ್ತದ."

ತಗಡಿನ ಬಣ್ಣ ಕೆರೆದು ನೋಡಿದರೆ ಕೆಳಗೆ ಹಳದಿ, ಹಸಿರು ಕಾಣಿಸಿತು. ಖರೆ, ಡಾಲ್ಡಾ ಡಬ್ಬಿಯದೇ. ದುಡ್ಡು ಕೊಡಲು ಹೋದರೆ ಕಂಡೆನ್ಸರಿಗೆ ಮಾತ್ರ ತಗೊಂಡರು, ಅದೂ ಮಗ ತಗೊಂಡಿದ್ದು.

ಸಂಜೆ ಒಂದು ಬಿದರಿ ಅಂಗಡಿಗೆ ಹೋದೆವು. ಬಿದರಿ ಸಾಮಾನಿನಲ್ಲಿ ಸತುವಿನ ಪಾಲೇ ಜಾಸ್ತಿ, ಸ್ವಲ್ಪ ತಾಮ್ರ. ಎರಕ ಹೊಯ್ದು, ಕೊರೆದು, ಬೆಳ್ಳಿ ತಂತಿ ಕೂಡಿಸಿ, ಕೋಟೆಯ ಹಳೆ ಮಣ್ಣು ಮತ್ತು ನವಸಾಗರದ ನೀರಿನಲ್ಲಿ ಹಾಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕಾಕಾ ನಮ್ಮ ಗೇರ್ ಕಡ್ಡಿಯ ತುದಿಗೆ ಒಂದು ಬಿದರಿ ಗುಂಡು ಮಾಡಿಕೊಡುತ್ತೀರಾ ಅಂತ ಕೇಳಿದರು. ಕೆಲಸ ಮಾಡುತ್ತಿದ್ದವರು ತಲೆ ಎತ್ತಲಿಲ್ಲ. "ಮಾಡ್ಬಹುದ್ರಿ. ಆದ್ರ ಕಾರ್ ಬಿಸಿಲಾಗ ನಿಂತ್ರ ನಿಮ್ಮ ಕೈ ಸುಡ್ತದ." ಮಾತು ಅಲ್ಲಿಗೇ ಮುಗಿಯಿತು.

ಐತವಾರ: ಚಿಂಚೋಳಿ ರಸ್ತೆ, ಮಳಖೇಡ, ಯಾದಗಿರಿ

ಈ ಸಲ ನಿಜವಾಗಿಯೂ ಆರಕ್ಕೆ ಬಿಟ್ಟೆವು. ಮನ್ನಾಎಖೇಳ್ಳಿಯ ಹತ್ತಿರ ಹೈದರಾಬಾದ್ ಹೆದ್ದಾರಿ ದಾಟಿ ಚಿಂಚೋಳಿ ಕಡೆ ತಿರುಗಿದೆವು. ಇಲ್ಲಿ ರಸ್ತೆ ಕೆಲವು ಕಡೆ ಚೆನ್ನಾಗಿದೆ, ಕೆಲವು ಕಡೆ ಹೆಸರಿಗೆ ಮಾತ್ರ ಇದೆ. ಆದರೆ ಕಲಬುರಗಿ ಜಿಲ್ಲೆ ಅಂದರೆ ಬರೀ ಬಯಲು ಅಂದುಕೊಂಡವರು ಈ ದಾರಿ ಒಮ್ಮೆ ನೋಡಬೇಕು. ಗುಡ್ಡ, ಕಾಡು, ಅಲ್ಲಲ್ಲಿ ಮುತ್ತುಗದ ಹೂವು. 2011ರಲ್ಲಿ ವನ್ಯಧಾಮವಾದ ಪ್ರದೇಶ ಇದು.

ಮೋಡ ಮುಸುಕಿತ್ತು. ಚಿಂಚೋಳಿ ಇನ್ನೂ ಸ್ವಲ್ಪ ದೂರ ಇರುವಾಗ ಹನಿ ಹನಿ ಮಳೆ ಬಂತು. ನಮ್ಮ ಎರಡು ವೈಪರ್‌ಗಳಲ್ಲಿ ಒಂದು ಮಾತ್ರ ಗಾಜು ಮುಟ್ಟುತ್ತದೆ, ಅದೂ ಕಾಕಾನ ಕಡೆಯದು. ಅವರು ರಸ್ತೆ ನೋಡಿ ಹೇಳುವುದು, ನಾನು ಓಡಿಸುವುದು. "ಎಡಕ್ಕ ತೆಗ್ಗು. ಈಗ ಬಲಕ್ಕ. ಎಮ್ಮಿ ಅದ, ಎಮ್ಮಿ ಅದ!" ಎಮ್ಮೆ ನನಗೂ ಕಂಡಿತ್ತು. ಎಡಕ್ಕೆ ಅಂದ ಆ ತೆಗ್ಗಿನಲ್ಲೇ ಸೈಲೆನ್ಸರಿನ ಹಿಂದಿನ ಪಟ್ಟಿ ಕಡಿದು, ಪೈಪು ರಸ್ತೆಗೆ ತಾಗಿ ಕರಕರ ಸದ್ದು ಮಾಡಲು ಶುರುಮಾಡಿತು.

ದಾರಿಯಲ್ಲಿ ಒಂದು ಮನೆಗೆ ಸ್ಲ್ಯಾಬ್ ಹಾಕುವ ತಯಾರಿ ನಡೆದಿತ್ತು. ಸೆಂಟರಿಂಗ್ ಕೆಲಸದ ಹುಡುಗರ ಹತ್ತಿರ ಒಂದು ಮಾರು ಬೈಂಡಿಂಗ್ ವಾಯರ್ ಕೇಳಿದೆವು. ಕೊಟ್ಟಿದ್ದಷ್ಟೇ ಅಲ್ಲ, ಒಬ್ಬ ಹುಡುಗ ಒದ್ದೆ ನೆಲದ ಮೇಲೆ ಸಿಮೆಂಟ್ ಚೀಲ ಹಾಸಿಕೊಂಡು ಗಾಡಿಯ ಕೆಳಗೆ ಹೋಗಿ ತಾನೇ ಬಿಗಿದ. ಕಬ್ಬಿಣ ಕಟ್ಟುವ ಕೈ, ಗಂಟು ಬಿಗಿಯಾಗಿತ್ತು. ಮನೆಗೆ ಬರುವವರೆಗೂ ಅದು ಅಲುಗಾಡಲಿಲ್ಲ. ಈಗಲೂ ಅದೇ ಇದೆ.

ಸೇಡಂ ದಾಟಿ ಮಳಖೇಡಕ್ಕೆ ಬರುವಷ್ಟರಲ್ಲಿ ಮೋಡ ಹೋಗಿ ಬಿಸಿಲು ಬಿದ್ದಿತ್ತು. ರಾಷ್ಟ್ರಕೂಟರ ಮಾನ್ಯಖೇಟ ಇದೇ. ಅಮೋಘವರ್ಷ ನೃಪತುಂಗನ ರಾಜಧಾನಿ, ಕವಿರಾಜಮಾರ್ಗದ ಊರು. ಈಗ ಕಾಗಿಣಾ ನದಿಯ ದಡದಲ್ಲಿ ಕೋಟೆಯ ಗೋಡೆ, ಬಾಗಿಲು, ಒಳಗೆ ಜನರ ಮನೆಗಳು. ಕೋಟೆ ಬಾಗಿಲ ನೆರಳಲ್ಲಿ ಕೂತು ಕಾಕು ಕೊಟ್ಟ ಡಬ್ಬಿ ಬಿಚ್ಚಿದೆವು. ಹೊರಟಾಗಿನಿಂದ ಡಿಕ್ಕಿಯಲ್ಲೇ ಇದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಪಕ್ಕದ ಮನೆಯ ಹೆಣ್ಣುಮಗಳೊಬ್ಬರು ಕೇಳದೇ ಮೊಸರು ತಂದಿಟ್ಟು, "ಪಾತ್ರಿ ಅಲ್ಲೇ ಕಟ್ಟಿ ಮ್ಯಾಲ ಇಟ್ಟು ಹೋಗ್ರಿ" ಅಂದು ಒಳಗೆ ಹೋದರು.

ಇಲ್ಲಿಂದ ಚಿತ್ತಾಪುರದ ಕಡೆ ಹೋಗುವ ದಾರಿಯಲ್ಲಿ ಕಲ್ಲಿನ ಗಣಿಗಳು ಸಿಗುತ್ತವೆ. ಶಹಾಬಾದ್ ಕಲ್ಲು, ನಮ್ಮ ಕಡೆ ಮನೆಯ ನೆಲಕ್ಕೆಲ್ಲ ಅದೇ. 1991ರಲ್ಲಿ ನಮ್ಮ ಮನೆ ಕಟ್ಟುವಾಗ ಲಾರಿ ಬಾಡಿಗೆ ಉಳಿಸಲು ಅಪ್ಪ ಪರಸಿ ಕಲ್ಲುಗಳನ್ನು ಇದೇ ಫಿಯಾಟಿನ ಡಿಕ್ಕಿಯಲ್ಲಿ, ಹಿಂದಿನ ಸೀಟು ತೆಗೆದು, ಹೇರಿಕೊಂಡು ಬರುತ್ತಿದ್ದರು. ಮುಂದಿನ ಗಾಲಿ ನೆಲಕ್ಕೆ ಸರಿಯಾಗಿ ಕೂರುತ್ತಲೇ ಇರಲಿಲ್ಲ, ಸ್ಟಿಯರಿಂಗ್ ಹೂವಿನಷ್ಟು ಹಗುರಾಗಿರುತ್ತಿತ್ತು ಅಂತ ಕಾಕಾ ನೆನೆದರು. ಕೊನೆಗೊಂದು ದಿನ ವಾಡಿ ಹತ್ತಿರ ಹಿಂದಿನ ಪಾಟಾ, ಅಂದರೆ ಭಾರ ಹೊರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್, ಮುರಿಯಿತು. ಲಾರಿ ಪಾಟಾ ಮಾಡುವ ಕಮ್ಮಾರರಲ್ಲಿ ಹೊಸ ಎಲೆ ಹೊಡೆಸಿ, ಇನ್ನೊಂದು ಎಲೆ ಜಾಸ್ತಿ ಹಾಕಿಸಿದರು. ಅದಕ್ಕೇ ನಮ್ಮ ಕಾರಿನ ಹಿಂಭಾಗ ಇವತ್ತಿಗೂ ಬೇರೆ ಫಿಯಾಟುಗಳಿಗಿಂತ ಎರಡು ಬೆರಳು ಎತ್ತರ. ಲಾರಿ ಬಾಡಿಗೆ ಉಳಿಯಿತೋ ಇಲ್ಲವೋ ಅಪ್ಪ ಕೊನೆವರೆಗೂ ಲೆಕ್ಕ ಹೇಳಲಿಲ್ಲ.

ಯಾದಗಿರಿ ಮುಟ್ಟಿದಾಗ ಸಂಜೆ. ಸ್ಟೇಷನ್ ರಸ್ತೆಯ ಗಾಡಿಯಲ್ಲಿ ಸುಸಲಾ, ಮಿರ್ಚಿ. ಮೆಣಸಿನಕಾಯಿ ಖಾರ ಇತ್ತು, ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಪ್ಲೇಟ್ ತಗೊಂಡೆವು. ಬೆಟ್ಟದ ಮೇಲಿನ ಕೋಟೆ ಕೆಳಗಿನಿಂದಲೇ ನೋಡಿದೆವು. ಹತ್ತೋಣವಾ ಅಂತ ಕೇಳಿದ್ದಕ್ಕೆ ಕಾಕಾ, "ಮೊಣಕಾಲಿಗಿ ಬುಶ್ ಬದಲಿ ಮಾಡ್ಸು, ಹತ್ತಮು" ಅಂದರು.

ಸೋಮವಾರ: ಶಹಾಪುರ, ಮತ್ತೆ ಮನೆ ಕಡೆ

ಗುರಸಣಗಿಯ ಹತ್ತಿರ ಭೀಮಾ ನದಿ ದಾಟಿದರೆ ಹೊಲಗಳ ಬಣ್ಣವೇ ಬೇರೆ. ಕೃಷ್ಣೆಯ ಕಾಲುವೆ ನೀರು ಬಂದ ಸೀಮೆ, ಭತ್ತದ ಗದ್ದೆಗಳು. ಬೆಳಗಿನ ಗಾಳಿಯಲ್ಲಿ ಒದ್ದೆ ಮಣ್ಣಿನ ವಾಸನೆ. ಶಹಾಪುರದ ಬೆಟ್ಟಗಳ ಸಾಲು ಒಂದು ಕೋನದಿಂದ ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ಗಾಡಿ ನಿಲ್ಲಿಸಿ ನೋಡಬೇಕು. ಓಡುವ ಕಾರಿನಿಂದ ಹುಡುಕಿದರೆ ಬುದ್ಧನೂ ಸಿಗುವುದಿಲ್ಲ, ರಸ್ತೆಯೂ ತಪ್ಪುತ್ತದೆ.

ಕಾಕಾಗೆ ಸುದ್ದಿ ಕೊಟ್ಟವರು ಹೇಳಿದ ಹಳ್ಳಿ ಶಹಾಪುರದಿಂದ ಸ್ವಲ್ಪ ಒಳಗೆ. ಗೌಡರ ಮನೆ ಕೇಳಿದರೆ ಹುಡುಗರು ಗಾಡಿಯ ಹಿಂದೆ ಓಡಿಬಂದು ತೋರಿಸಿದರು. ಗೌಡರು ತೀರಿಕೊಂಡು ಬಹಳ ವರ್ಷ. ಎಂಬತ್ತರ ಹತ್ತಿರದ ಗೌಡಸಾನಿ, ಮೊಮ್ಮಗ, ಆಳುಮಕ್ಕಳು. ಬಂದ ಕೆಲಸ ಹೇಳುವ ಮೊದಲೇ ಮಜ್ಜಿಗೆ ಬಂತು. ಕೊಟ್ಟಿಗೆಯಲ್ಲಿ ಹೊಟ್ಟಿನ ಚೀಲಗಳ ಹಿಂದೆ, ಟಾರ್ಪಾಲಿನ ಕೆಳಗೆ, ಗಾಡಿ. ಮೊಮ್ಮಗ ಟಾರ್ಪಾಲು ಎಳೆದ. ಎರಡು ಕೋಳಿ ಹೊರಗೆ ಹಾರಿದವು.

ಕಾಕಾ ಒಂದು ಕ್ಷಣ ಮಾತಾಡಲಿಲ್ಲ. ಆಮೇಲೆ, "ಏ ತಮ್ಮಾ, ಇದು ಡುಕ್ಕರ್ ಫಿಯಾಟ್ ಅಲ್ಲೇನೋ!"

ಡುಕ್ಕರ್ 1950ರ ದಶಕದ ಫಿಯಾಟ್ 1100ಕ್ಕೆ ಮರಾಠಿ ಸೀಮೆಯ ಜನ ಇಟ್ಟ ಹೆಸರು, ಹಂದಿ ಅಂತ. ಗುಂಡಗಿನ ಬೆನ್ನು, ಮುಂದೆ ಚಾಚಿದ ಮೂತಿ. ಮುಂದಿನ ಬಾಗಿಲಿನ ತಿರುಗಣಿ ಹಿಂಭಾಗದಲ್ಲಿರುತ್ತದೆ, ಅಂದರೆ ಬಾಗಿಲು ನಮ್ಮ ಈಗಿನ ಕಾರುಗಳಿಗೆ ಉಲ್ಟಾ ತೆರೆಯುತ್ತದೆ. ನಾವು ಹುಡುಕಿ ಬಂದದ್ದು ಪದ್ಮಿನಿ, ಸಿಕ್ಕಿದ್ದು ಅದರ ಅಜ್ಜ. ರಟ್ಟಿನ ತುಂಡು ಹಿಡಿದು ನೋಡುವ ಅಗತ್ಯವೇ ಇರಲಿಲ್ಲ, ಆದರೂ ಕಾಕಾ ಹಿಡಿದು ನೋಡಿದರು. ಎಲ್ಲಿಯೂ ಕೂಡಲಿಲ್ಲ.

"ಗಾಜು ಬೇಕಾಗಿತ್ತೇನ್ರಿ? ಬರೀ ಗಾಜು ಕೊಡಂಗಿಲ್ಲ," ಗೌಡಸಾನಿ ಬಾಗಿಲಲ್ಲಿ ನಿಂತು ಹೇಳಿದರು. "ಗಾಡೀನೂ ಮಾರಂಗಿಲ್ಲ. ಭಾಳ ಮಂದಿ ಬಂದು ಕೇಳ್ಯಾರ."

"ಬ್ಯಾಡ್ರಿ ಅವ್ವಾರ, ಮಾರಬ್ಯಾಡ್ರಿ. ಬಾನೆಟ್ ಎತ್ತಿ ನೋಡಿದ್ರ ನಡೀತದೇನು?"

ಅವರು ನಕ್ಕರು. "ನೋಡ್ರಿ. ಅದಕ್ಕ ನೀರು ಹಾಕೋ ಕೆಲಸ ನಂದೇ ಇತ್ತು. ತವರಿಗಿ ಹೋಗಬೇಕಾದ್ರ ಯಾದಗಿರಿ ಸ್ಟೇಷನ್ ತನಕ ಇದರಾಗೇ ಹೋಗ್ತಿದ್ದೆವು. ಹೊಳಿ ದಂಡಿಗಿ ನಿಂದ್ರಿಸಿ ತಂಬಗಿಲೆ ನೀರು ಹಾಕ್ತಿದ್ದೆ. ಇವರು ಸ್ಟಿಯರಿಂಗ್ ಬಿಟ್ಟು ಇಳೀತಿರಲಿಲ್ಲ."

ಒಳಗೆ ಅದೇ 1089 ಸಿಸಿ. ಐವತ್ತರ ದಶಕದ ಗಾಡಿಗೂ ನಮ್ಮ 82ರ ಗಾಡಿಗೂ ಇಂಜಿನ್ನಿನ ಅಳತೆ ಒಂದೇ. ಫ್ಯಾನ್ ಹಿಡಿದು ತಿರುಗಿಸಿದರೆ ಅಲುಗಾಡಲಿಲ್ಲ, ಪಿಸ್ಟನ್ ಜಾಮ್. ಇಂಥ ಗಾಡಿಗೆ ಬ್ಯಾಟರಿ ಹಚ್ಚಿ ಸೆಲ್ಫ್ ಹೊಡೆಯುವುದು, ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುವುದು ಎಲ್ಲ ಮಾಡಬಾರದು, ಪಿಸ್ಟನ್ನಿನ ರಿಂಗು ಮುರಿಯುತ್ತವೆ. ಕಾಕಾ ನಾಲ್ಕೂ ಪ್ಲಗ್ ಬಿಚ್ಚಿದರು. ಎರಡು ಸುಲಭವಾಗಿ ಬಂದವು, ಒಂದಕ್ಕೆ ಸೀಮೆಎಣ್ಣೆ ಹಾಕಿ ಕಾಯಬೇಕಾಯಿತು, ಕೊನೆಯದಕ್ಕೆ ಬೆವರು ಹರಿಯಿತು. ಟ್ರ್ಯಾಕ್ಟರಿನ ಡೀಸೆಲ್‌ಗೆ ಇಂಜಿನ್ ಆಯಿಲ್ ಬೆರೆಸಿ ಪ್ರತಿ ತೂತಿಗೂ ಸ್ವಲ್ಪ ಸ್ವಲ್ಪ ಸುರಿದು, ಕಸ ಬೀಳದಂತೆ ಬಟ್ಟೆ ತುರುಕಿದರು. ಮೊಮ್ಮಗ ಪಕ್ಕದಲ್ಲೇ ಕೂತು ಪ್ಲಗ್ಗುಗಳನ್ನು ಒಂದು ತಟ್ಟೆಯಲ್ಲಿ ಹಿಡಿದಿದ್ದ. ಕಾಕಾ ಅವನಿಗೂ ನಮ್ಮ ಮನೆಯ ಬೈಗುಳವನ್ನೇ ಬೈದರು, "ಸಾಲಾಗಿ ಇಡು!"

ಊಟಕ್ಕೆ ಜುಣಕ, ಬಿಸಿ ರೊಟ್ಟಿ, ಹಸಿಮೆಣಸಿನ ಚಟ್ನಿ. ಊಟದ ಹೊತ್ತಿಗೆ ಮೊಮ್ಮಗ ಕಾಗದಪತ್ರ ತಂದು ತೋರಿಸಿದ. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿಯ ನಿಯಮ ತಂದಿದೆ. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ 'ವಿಎ' ಅಂತ ಅಕ್ಷರ ಬರುತ್ತದೆ. ಆದರೆ ಅದರಲ್ಲಿ ದಿನಾ ಶಹಾಪುರಕ್ಕೆ ಸಂತೆಗೆ ಹೋಗುವ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಅಂಥದ್ದಕ್ಕೆ ಮಾತ್ರ. "ಹಂಗಿದ್ರ ಏನು ಉಪಯೋಗ?" ಅಂದರು ಗೌಡಸಾನಿ. ನನಗೂ ಉತ್ತರ ಹೊಳೆಯಲಿಲ್ಲ.

ಹೊರಡುವಾಗ ಕಾಕಾ ಮೊಮ್ಮಗನನ್ನು ನಿಲ್ಲಿಸಿ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದರು. ದಿನಾ ಎರಡು ಚಮಚ ಹಾಕಬೇಕು, ಅವಸರ ಮಾಡಬಾರದು, ಜೋರು ಮಾಡಬಾರದು. ನಾನು ಗಾಡಿ ಚಾಲೂ ಮಾಡಿ ಹಾರ್ನ್ ಹೊಡೆದರೂ ಅವರ ಮಾತು ಮುಗಿಯಲಿಲ್ಲ. ಜೇವರ್ಗಿ ದಾಟಿ ಕಟ್ಟಿ ಸಂಗಾವಿ ಸೇತುವೆಗೆ ಬರುವಾಗ ಬಿಸಿಲು ಇಳಿದಿತ್ತು, ಗಾಡಿ ಒಮ್ಮೆಯೂ ಕೆಮ್ಮಲಿಲ್ಲ. ಆಟೋದ ಕಂಡೆನ್ಸರ್ ಇನ್ನೂ ಹಾಗೇ ನಡೆಯುತ್ತಿದೆ, ಬದಲಿಸುವ ಮನಸ್ಸಿಲ್ಲ.

ಮೊನ್ನೆ ಆ ಹುಡುಗ ಫೋನ್ ಮಾಡಿದ್ದ. ಫ್ಯಾನ್ ಹಿಡಿದು ನೂಕಿದರೆ ಒಂದು ಬೆರಳಷ್ಟು ತಿರುಗಿತಂತೆ. ಕಾಕಾ ಫೋನಿನಲ್ಲೇ ಕೂಗಿದರು, "ಉಲ್ಟಾ ತಿರುಗಸು, ಉಲ್ಟಾ! ಆಮ್ಯಾಲ ಸೀದಾ. ಇನ್ನ ಎರಡು ಚಮಚ ಹಾಕು." ಫೋನ್ ಇಟ್ಟವರೇ ಹಳೆ ಕಾರ್ಬ್ಯುರೇಟರ್ ಕಿಟ್ ಎಲ್ಲಿ ಸಿಗುತ್ತದೆ ಅಂತ ಬೀದರಿಗೆ ಉಸ್ತಾದರ ಮಗನಿಗೆ ಹಚ್ಚಿದರು.